ಸರಿಹೋಗುತ್ತೆ ಅಂತ ಕೂತಿದ್ದ ಹನ್ನೊಂದು ತಿಂಗಳು

ಪ್ರತಿ ತಿಂಗಳು 12ನೇ ತಾರೀಖು ಕ್ರೆಡಿಟ್ ಕಾರ್ಡಿನ ಸ್ಟೇಟ್‌ಮೆಂಟ್ ಬರುತ್ತಿತ್ತು. ನಾನು ಅದನ್ನು ತೆರೆಯುತ್ತಲೇ ಇರಲಿಲ್ಲ. 6,000 ರೂಪಾಯಿ ಕಟ್ಟುವುದು, ಮೆಸೇಜ್ ಅಳಿಸುವುದು, ಅಷ್ಟೇ.

2022ರ ಮೇ ತಿಂಗಳಲ್ಲಿ ಅಪ್ಪನಿಗೆ ತುರ್ತಾಗಿ ಆಪರೇಷನ್ ಆಯಿತು. ಅವರಿಗೆ ಇನ್ಶೂರೆನ್ಸ್ ಇರಲಿಲ್ಲ. ಕೈಯಲ್ಲಿದ್ದ ಹಣ ಸಾಲದೆ 1,20,000 ರೂಪಾಯಿ ಕಾರ್ಡಿನಲ್ಲಿ ಉಜ್ಜಿದೆ. ಅರ್ಧ ನಾನು ಕೊಡ್ತೀನಿ ಅಂದಿದ್ದ ತಮ್ಮ ಕೊಡಲಿಲ್ಲ. ಹೆಂಡತಿಗೆ ನಾನು ಹೇಳಲಿಲ್ಲ. ಉಳಿತಾಯದಲ್ಲೇ ಎಲ್ಲ ಮುಗೀತು ಅಂದುಬಿಟ್ಟೆ.

ಆಗ ನಾನು ತುಂಬಾ ಪಾಸಿಟಿವ್ ಆಗಿದ್ದೀನಿ ಅಂತಲೇ ನಂಬಿದ್ದೆ. ಬೆಳಿಗ್ಗೆ ನ್ಯಾಷನಲ್ ಕಾಲೇಜು ಸ್ಟೇಷನ್‌ನಲ್ಲಿ ಮೆಟ್ರೊ ಹತ್ತಿದರೆ ಪೀಣ್ಯ ಬರುವವರೆಗೂ ಕಿವಿಯಲ್ಲಿ ಧೈರ್ಯ ತುಂಬುವ ಭಾಷಣಗಳು. 'ಎಲ್ಲ ಒಳ್ಳೇದಾಗುತ್ತೆ' ಅಂತ ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಾಗ ಮನಸ್ಸು ಹಗುರಾಗುತ್ತಿತ್ತು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಎದೆ ಡವಡವ. ಫ್ಯಾಕ್ಟರಿಯಲ್ಲಿ ನನ್ನದು ಅಕೌಂಟ್ಸ್ ಕೆಲಸ. ಹಗಲೆಲ್ಲ ಬೇರೆಯವರ ಲೆಕ್ಕ ನೋಡುವವನಿಗೆ ಸ್ವಂತ ಲೆಕ್ಕ ನೋಡಲು ಅಷ್ಟು ಭಯ. ಆ ಒಳ್ಳೆಯ ಮಾತೇ ನನಗೆ ಸ್ಟೇಟ್‌ಮೆಂಟ್ ತೆರೆಯದಿರಲು ನೆಪವಾಗಿತ್ತು.

2023ರ ಏಪ್ರಿಲ್‌ನಲ್ಲಿ ಒಂದು ರಾತ್ರಿ ತಡೆಯಲಾಗಲಿಲ್ಲ. ತಾರಸಿಗೆ ಹೋಗಿ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನನ್ನಂಥವರಿಗೆ ಇದು ಗೊತ್ತಿರಲಿ ಅಂತ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಇಪ್ಪತ್ತು ನಿಮಿಷ ಒಂದೇ ಸಮನೆ ಹೇಳಿಕೊಂಡೆ. ಆ ಕಡೆಯಿದ್ದ ಹೆಣ್ಣುಮಗಳು ಪೂರ್ತಿ ಕೇಳಿಸಿಕೊಂಡು, "ಸರ್, ಈಗ ಸಾಲ ಸರಿಯಾಗಿ ಎಷ್ಟಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "ನಾಳೆ ಅದೊಂದನ್ನ ನೋಡಿ. ಬೇರೇನೂ ಬೇಡ" ಅಂದರು.

ಮರುದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಹನ್ನೊಂದು ಸ್ಟೇಟ್‌ಮೆಂಟನ್ನೂ ತೆರೆದೆ. ಬಡ್ಡಿ ತಿಂಗಳಿಗೆ 3.5%. ಅಂದರೆ ಮೊದಲ ತಿಂಗಳು 4,200 ರೂಪಾಯಿ. ಆ ಬಡ್ಡಿಯ ಮೇಲೆ 18% ಜಿಎಸ್‌ಟಿ, ಅದು 756. ನಾನು ಕಟ್ಟಿದ 6,000ದಲ್ಲಿ ಅಸಲಿಗೆ ಹೋಗಿದ್ದು 1,044 ಮಾತ್ರ. ಹನ್ನೊಂದು ತಿಂಗಳಲ್ಲಿ 66,000 ಕಟ್ಟಿದ್ದೆ, ಸಾಲ ಇಳಿದಿದ್ದು ಸುಮಾರು 14,000. ನೋಡಿ ಹೊಟ್ಟೆ ಉರಿಯಿತು. ಆದರೆ ಆ ರಾತ್ರಿ ನಿದ್ದೆ ಬಂತು. ಬಾಕಿ 1,06,000. ಭಯಕ್ಕೆ ಅಳತೆ ಇರಲಿಲ್ಲ, ಇದಕ್ಕೆ ಇತ್ತು.

ಆಮೇಲೆ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಬರೆಯುವ ಅಭ್ಯಾಸ ಮಾಡಿಕೊಂಡೆ. ಎಡಗಡೆ ಹಾಳೆಯಲ್ಲಿ ಏನಾಗಿದೆ, ಬಲಗಡೆ ನನಗೇನು ಅನಿಸುತ್ತಿದೆ. ಎಡಗಡೆ 'ಬಾಕಿ 1,06,000'. ಬಲಗಡೆ 'ನಾನು ಮನೆ ಮುಳುಗಿಸಿದೆ'. ಮೊದಲನೆಯದಕ್ಕೆ ದಾರಿ ಹುಡುಕಬಹುದು. ಎರಡನೆಯದಕ್ಕೆ ಏನು ಮಾಡೋದು? ಅದನ್ನು ಬರೆದು ಪಕ್ಕಕ್ಕಿಡುವುದು, ಅಷ್ಟೇ.

ಸಮಸ್ಯೆ ಬಿಡಿಸುವುದನ್ನೇ ಒಂದು ಕಲಿಕೆಯಾಗಿ ನೋಡಿದವರು ಥಾಮಸ್ ಡಿಜುರಿಲ್ಲಾ ಮತ್ತು ಮಾರ್ವಿನ್ ಗೋಲ್ಡ್‌ಫ್ರೈಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು. 1971ರಲ್ಲಿ ಅವರು ಹೇಳಿದ ಮೊದಲ ಮೆಟ್ಟಿಲು ಮನಸ್ಸಿನದ್ದೇ: ಕಷ್ಟ ಬರೋದು ಸಹಜ, ಅದಕ್ಕೆ ಏನಾದರೂ ಮಾಡಬಹುದು, ದುಡುಕಲೂ ಬಾರದು, ಸುಮ್ನೆ ಕೂರಲೂ ಬಾರದು. ನಾನು ಈಗ ಪಾಸಿಟಿವ್ ಅನ್ನೋದು ಇದಕ್ಕೇ. ಇನ್ನೊಂದು ಮಾತು ತುಂಬಾ ಉಪಯೋಗಕ್ಕೆ ಬಂತು. ದಾರಿಗಳನ್ನು ಪಟ್ಟಿ ಮಾಡುವಾಗ ಇದು ಆಗಲ್ಲ, ಅದು ಸರಿಯಲ್ಲ ಅಂತ ಅಲ್ಲೇ ತೀರ್ಮಾನಿಸಬಾರದು. ಸ್ಕೂಟರ್ ಮಾರುವುದು, ಚೀಟಿ ಎತ್ತುವುದು, ಬ್ಯಾಂಕಿನಲ್ಲಿ ಇಎಂಐ ಕೇಳುವುದು, ಹೀಗೆ ಏಳು ದಾರಿ ಬರೆದೆ. 'ಹೆಂಡತಿಗೆ ಹೇಳುವುದು' ಅಂತ ಬರೆದು ಎರಡು ಸಲ ಹೊಡೆದುಹಾಕಿ, ಮೂರನೇ ಸಲ ಉಳಿಸಿದೆ.

ಭಾನುವಾರ ಅವಳು ಅವರೆಕಾಳು ಹಿಸುಕುತ್ತಾ ಕೂತಿದ್ದಳು. ನೋಟ್‌ಬುಕ್ ಮುಂದಿಟ್ಟೆ. ಬಾಯಲ್ಲಿ ಹೇಳಲು ಆಗಲಿಲ್ಲ. ಓದಿ ಮುಗಿಸಿ, "ರೀ, ಇದಕ್ಕಾ ನೀವು ರಾತ್ರಿಯೆಲ್ಲಾ ಒದ್ದಾಡ್ತಿದ್ದಿದ್ದು? ನಾನು ನಿಮಗೇನೋ ದೊಡ್ಡ ಕಾಯಿಲೆ, ನನ್ನಿಂದ ಮುಚ್ಚಿಡ್ತಿದ್ದೀರಿ ಅಂದ್ಕೊಂಡಿದ್ದೆ" ಅಂದಳು. ಆಮೇಲೆ ಸಿಟ್ಟು ಬಂತು. ಎರಡು ದಿನ ಮಾತಿಲ್ಲ. ಆ ಸಿಟ್ಟು ನ್ಯಾಯವಾದದ್ದೇ. ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡ ಭಾರದಲ್ಲಿ ಅವಳಿಗೆ ಹನ್ನೊಂದು ತಿಂಗಳ ಭಯ ಪಾಲಾಗಿತ್ತು.

ಮೂರನೇ ದಿನ ನಾಲ್ಕು ಬಳೆ ತಂದು ನೋಟ್‌ಬುಕ್ಕಿನ ಮೇಲಿಟ್ಟಳು. "ಬೀರುವಿನಲ್ಲಿ ಸುಮ್ನೆ ಕೂತಿವೆ" ಅಂದಳು. ಬೇಡ ಅಂದೆ. "ಲೆಕ್ಕ ಹಾಕಿ ಬೇಡ ಅನ್ನಿ" ಅಂದಳು. ಹಾಕಿದೆ. ಕಾರ್ಡಿನ ಬಾಕಿಯನ್ನೇ ಇಎಂಐ ಮಾಡಿಸಿದರೆ ವರ್ಷಕ್ಕೆ 18% ಅಂದಿದ್ದರು. ಚಿನ್ನದ ಮೇಲಿನ ಸಾಲ 12%ಕ್ಕೆ ಸಿಗುತ್ತಿತ್ತು. ಮೊದಲ ತಿಂಗಳ ಬಡ್ಡಿ 1,060 ಮಾತ್ರ. ಅದೇ 6,000 ಕಟ್ಟುತ್ತಾ ಹೋದರೆ 20 ತಿಂಗಳಿಗೆ ಪೂರ್ತಿ ಮುಗಿಯುತ್ತದೆ. ಬಳೆ ಅಡವಿಟ್ಟು ಕಾರ್ಡ್ ತೀರಿಸಿದೆವು, ಕಾರ್ಡನ್ನು ಅವಳೇ ಕತ್ತರಿಸಿದಳು. 2024ರ ಡಿಸೆಂಬರ್‌ನಲ್ಲಿ ಇಬ್ಬರೂ ಹೋಗಿ ಬಳೆ ಬಿಡಿಸಿಕೊಂಡು ಬಂದೆವು.

ತಮ್ಮನ ವಿಷಯ ಇಷ್ಟು ಸಲೀಸಾಗಿ ಬಗೆಹರಿಯಲಿಲ್ಲ. ಅವನಿಗೂ ಒಂದು ಪುಟ ತೆಗೆದಿದ್ದೆ. ಎಡಗಡೆ '60,000 ಕೊಡಲಿಲ್ಲ'. ಬಲಗಡೆ 'ಅವನಿಗೆ ಅಪ್ಪ ಬೇಡ'. ಈ ಎರಡನೆಯದನ್ನು ನಾನು ಒಂದು ವರ್ಷ ನಿಜ ಅಂತಲೇ ನಂಬಿ ಮಾತು ಬಿಟ್ಟಿದ್ದೆ. ಆದರೆ ಪ್ರತಿ ಭಾನುವಾರ ಸಂಜೆ ಅಪ್ಪನಿಗೆ ಅವನ ಫೋನ್ ಬರುತ್ತಿತ್ತು, ನನ್ನ ಕಣ್ಣೆದುರೇ. ಅದನ್ನೂ ಎಡಗಡೆ ಬರೆದೆ. ಬರೆದ ಮೇಲೆ ಬಲಗಡೆಯ ಸಾಲು ನಿಲ್ಲಲಿಲ್ಲ.

ಕಳೆದ ಯುಗಾದಿಗೆ ಅಪ್ಪನನ್ನು ಕರೆದುಕೊಂಡು ತುಮಕೂರಿಗೆ, ಅವನ ಮನೆಗೆ ಹೋದೆ. ಹಣದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ಅಪ್ಪನ ಮಾತ್ರೆಗಳ ಚೀಟಿ ಇಸಕೊಂಡು ಫೋಟೊ ತೆಗೆದುಕೊಂಡ. ಮರುತಿಂಗಳಿನಿಂದ ಮಾತ್ರೆ ಅವನೇ ಕಳಿಸುತ್ತಿದ್ದಾನೆ. 60,000ದ ಸಾಲು ನೋಟ್‌ಬುಕ್ಕಿನಲ್ಲಿ ಇನ್ನೂ ಹಾಗೇ ಇದೆ.