ಬಿಗಿಯಾದ ನಾಬ್‌ಗೆ ಮೊದಲೇ ಎಣ್ಣೆ ಬಿಡಬೇಡಿ

ಹಳೇ ರೇಡಿಯೊದ ಟ್ಯೂನಿಂಗ್ ನಾಬ್ ತಿರುಗುತ್ತಿಲ್ಲ ಅಂದರೆ ಕೈ ಮೊದಲು ಹೋಗುವುದು ಎಣ್ಣೆ ಡಬ್ಬಿಗೆ. ಎಡವಟ್ಟಾಗುವುದು ಅಲ್ಲೇ. ಹೆಚ್ಚಿನ ಸೆಟ್‌ಗಳಲ್ಲಿ ತಯಾರಿಸುವಾಗ ಹಾಕಿದ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಅದರ ಮೇಲೆ ಎಣ್ಣೆ ಬಿಟ್ಟರೆ ನಾಲ್ಕು ದಿನ ಸಲೀಸು, ಆಮೇಲೆ ಧೂಳು ಸೇರಿ ಮತ್ತೆ ಗಟ್ಟಿ. ಹಳೆಯದನ್ನು ಕರಗಿಸಿ ತೆಗೆದ ಮೇಲೆಯೇ ಹೊಸದು.

ಪ್ಲಗ್ ಕೀಳಿ. ವಾಲ್ವ್ ಸೆಟ್‌ಗಳ (ಗಾಜಿನ ಬುರುಡೆಯಂಥ ವಾಲ್ವ್‌ಗಳಿರುವ ಹಳೇ ರೇಡಿಯೊಗಳ) ಒಳಗೆ 250 ವೋಲ್ಟ್ ಇರುವುದು ಮಾಮೂಲು. ವಿದ್ಯುತ್ ಕೂಡಿಟ್ಟುಕೊಳ್ಳುವ ಫಿಲ್ಟರ್ ಕಂಡೆನ್ಸರ್‌ಗಳು ಪ್ಲಗ್ ಕಿತ್ತ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರಬಹುದು. ಮೀಟರ್ ಇಟ್ಟು ನೋಡಿ. ಉಳಿದ ಕರೆಂಟ್ ಖಾಲಿ ಮಾಡುವುದು ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ, ಇದರಲ್ಲಿ ಸಂಕೋಚ ಬೇಡ.

ಇನ್ನು ಬಿಗಿ ಎಲ್ಲಿದೆ ಎಂದು ಹುಡುಕಬೇಕು. ನಾಬ್ ತಿರುಗಿಸಿದಾಗ ಮುಳ್ಳನ್ನು ಎಳೆಯುವ ಡಯಲ್ ದಾರ ಹೋಗುವ ದಾರಿಯ ಫೋಟೊ ತೆಗೆದುಕೊಂಡು, ಆಮೇಲೆ ದಾರ ಸಡಿಲಿಸಿ. ಫೋಟೊ ಇಲ್ಲದೆ ಬಿಚ್ಚಿದರೆ ಅದನ್ನು ಮತ್ತೆ ಸುತ್ತುವಷ್ಟರಲ್ಲಿ ಸಾಕುಸಾಕಾಗುತ್ತದೆ. ಈಗ ನಾಬ್‌ನ ಶಾಫ್ಟ್, ರಾಟೆಗಳು, ಗ್ಯಾಂಗ್ ಕಂಡೆನ್ಸರ್ (ಸ್ಟೇಷನ್ ಹಿಡಿಯಲು ತಿರುಗುವ, ತಗಡಿನ ರೆಕ್ಕೆಗಳ ಭಾಗ), ಒಂದೊಂದನ್ನೇ ಕೈಯಲ್ಲಿ ತಿರುಗಿಸಿ ನೋಡಿ.

ತೊಂದರೆ ಹೆಚ್ಚಾಗಿ ಗ್ಯಾಂಗ್‌ನಲ್ಲೇ. ಅದರ ತಿರುಗುವ ರೆಕ್ಕೆಗಳು ನಿಂತ ರೆಕ್ಕೆಗಳ ನಡುವೆ ಪೂರ್ತಿ ಒಳಗಿದ್ದರೆ ಬಗ್ಗುವ ಭಯ ಕಮ್ಮಿ. ಅಲ್ಲಾಡಲೇ ಇಲ್ಲವಾದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ. ಇಕ್ಕಳ ಹಾಕಿ ತಿರುವುವುದಂತೂ ಬೇಡವೇ ಬೇಡ. ಗ್ಯಾಂಗ್ ತಣ್ಣಗಾದ ಮೇಲೆ ಸಣ್ಣ ಬ್ರಷ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿ ಬೇರಿಂಗ್‌ಗೆ ಬಿಡಿ, ಹಿಂದಕ್ಕೆ ಮುಂದಕ್ಕೆ ಆಡಿಸಿ, ಕರಗಿ ಬಂದ ಕೊಳೆ ಒರೆಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೂ ಇದೇ ಕೆಲಸ. ಆಲ್ಕೋಹಾಲ್‌ಗೆ ಬೆಂಕಿ ಹತ್ತುತ್ತದೆ. ಕಿಟಕಿ ತೆರೆದಿರಲಿ, ಅದು ಆರುವವರೆಗೆ ಡ್ರೈಯರ್ ಹತ್ತಿರಕ್ಕೂ ತರಬೇಡಿ. ಡಯಲ್ ಗಾಜಿಗೂ ತಾಗಿಸಬೇಡಿ, ಅಕ್ಷರ ಅಳಿಸಿಹೋಗಬಹುದು.

ಗ್ಯಾಂಗ್‌ನ ಹಿಂಬದಿಯಲ್ಲಿ ನಟ್ ಸಹಿತ ಒಂದು ಸ್ಕ್ರೂ ಇರುತ್ತದೆ. ಕೈ ತುರಿಸಿದರೂ ಮುಟ್ಟಬೇಡಿ. ರೆಕ್ಕೆಗಳ ನಡುವಿನ ಅಂತರ ಅದರ ಮೇಲೆ ನಿಂತಿದೆ. ಅದು ತಪ್ಪಿದರೆ ರೆಕ್ಕೆಗೆ ರೆಕ್ಕೆ ತಾಗುತ್ತದೆ. ಶಾಫ್ಟ್‌ಗೆ ಒತ್ತಿಕೊಂಡಿರುವ ಸ್ಪ್ರಿಂಗ್ ತಗಡನ್ನೂ ಒರೆಸಿ. ಟ್ಯೂನ್ ಮಾಡುವಾಗ ಬರುವ ಕರಕರ ಸದ್ದಿಗೆ ಅದರ ಕೊಳೆಯೂ ಒಂದು ಕಾರಣ.

ಎಲ್ಲ ಒಣಗಿದ ಮೇಲೆ ಬೇರಿಂಗ್‌ನ ಗುಂಡುಗಳಿಗೆ ಸಾಸಿವೆ ಕಾಳಿನಷ್ಟು ಲಿಥಿಯಂ ಗ್ರೀಸ್ ಸಾಕು. ರಾಟೆಯ ಅಚ್ಚಿಗೆ ಸೂಜಿ ತುದಿಯಲ್ಲಿ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಅಡುಗೆ ಎಣ್ಣೆ ಮಾತ್ರ ಬೇಡ, ಅದೇ ಮುಂದೆ ಅಂಟಾಗುತ್ತದೆ.

ದಾರಕ್ಕೆ, ರಾಟೆಯಲ್ಲಿ ದಾರ ಕೂರುವ ತೋಡಿಗೆ ಎಣ್ಣೆ ಸೋಕಬಾರದು. ಕೆಲವು ಡಯಲ್‌ಗಳು ಬರೀ ತಿಕ್ಕಾಟದ ಬಲದಿಂದ ತಿರುಗುತ್ತವೆ. ಅಲ್ಲಿ ಜಿಡ್ಡಾದರೆ ನಾಬ್ ತಿರುಗುತ್ತದೆ, ಮುಳ್ಳು ನಿಂತಲ್ಲೇ ಇರುತ್ತದೆ. ಮೀಡಿಯಂ ವೇವ್, ಶಾರ್ಟ್ ವೇವ್ ಬದಲಿಸುವ ಬ್ಯಾಂಡ್ ಸ್ವಿಚ್‌ನಲ್ಲಿ ಕ್ಲಿಕ್ ಕೊಡುವ ಗುಂಡು ಮತ್ತು ಸ್ಪ್ರಿಂಗ್‌ಗಷ್ಟೇ ಗ್ರೀಸ್. ಸ್ವಿಚ್‌ನ ಹಿಂಭಾಗದ ಕಂದು ಬಿಲ್ಲೆಗಳು ಎಣ್ಣೆ ಹೀರಿದರೆ ವಿದ್ಯುತ್ ಸೋರಬಹುದು. ಸ್ವಿಚ್‌ನ ಬೆಳ್ಳಿ ಲೇಪದ ಕಾಂಟ್ಯಾಕ್ಟ್‌ಗಳಿಗೆ ಮರಳು ಕಾಗದ ಹಾಕಬೇಡಿ, ಬ್ರಷ್‌ನಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸವರಿದರೆ ಸಾಕು.

ದಾರವನ್ನು ಫೋಟೊದಲ್ಲಿದ್ದಂತೆಯೇ ಕಟ್ಟಿ, ದಾರದ ಸ್ಪ್ರಿಂಗ್ ಬಿಗಿ ನೋಡಿ. ಆಲ್ಕೋಹಾಲ್‌ನ ವಾಸನೆ ಪೂರ್ತಿ ಹೋದ ಮೇಲೆಯೇ ಪ್ಲಗ್ ಹಾಕಿ.