ಡೈವ್: ಧುಮುಕಿದನೋ, ಮುಳುಗಿದನೋ, ಹಾರಿದನೋ?

‘ಹಿ ಡೈವ್ಡ್ ಇನ್‌ಟು ದ ವೆಲ್’ ಎಂಬುದನ್ನು ‘ಅವನು ಬಾವಿಗೆ ಹಾರಿದ’ ಎಂದು ಬರೆದು ನೋಡಿ. ಕನ್ನಡ ಓದುಗರ ಮೊದಲ ಪ್ರಶ್ನೆ ‘ಅಯ್ಯೋ, ಯಾಕಂತೆ?’ ಎಂದೇ ಇರುತ್ತದೆ. ‘ಬಾವಿಗೆ ಬಿದ್ದ’ ಅಂದರೆ ಕಾಲು ಜಾರಿದೆ. ‘ಬಾವಿಯಲ್ಲಿ ಮುಳುಗಿದ’ ಅಂದರೆ ಆಸಾಮಿ ಹೋದ ಹಾಗೇ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟೇ: ಈಜುವುದಕ್ಕೆಂದು ತಲೆ ಮುಂದು ಮಾಡಿ ಧುಮುಕಿದ. ಹಳ್ಳಿಯ ‘ಈಜು ಬಿದ್ದ’ ಇಲ್ಲಿ ಇನ್ನೂ ಚೆನ್ನ. ‘ಈಜು’ ಸೇರಿದ ಕೂಡಲೇ ‘ಬಿದ್ದ’ದ್ದರ ಅಪಾಯ ಹೋಗುತ್ತದೆ.

ಹಾಗಾಗಿ ಕ್ರಿಯಾಪದ ಹುಡುಕುವ ಮೊದಲು ಮೂರು ಸಂಗತಿ ಗೊತ್ತುಮಾಡಿಕೊಳ್ಳಿ: ಇಳಿದವರು ಯಾರು, ಯಾವುದರೊಳಕ್ಕೆ, ಬೇಕೆಂದೇ ಇಳಿದರೋ ಇಲ್ಲವೋ. ಪಕ್ಕದ ‘ಇನ್‌ಟು’, ‘ಫಾರ್’, ‘ಅಂಡರ್’ಗಳ ಮೇಲೂ ಕಣ್ಣಿರಲಿ, ಅರ್ಧ ಸುಳಿವು ಅಲ್ಲೇ ಸಿಗುತ್ತದೆ.

ನೀರಿನಲ್ಲೇ ಎರಡು ಬಗೆ. ಒಲಿಂಪಿಕ್ಸ್‌ನಲ್ಲಿ 3 ಮೀಟರಿನ ಪುಟಿಹಲಗೆಯಿಂದಲೋ 10 ಮೀಟರಿನ ಕಟ್ಟೆಯಿಂದಲೋ ಮಾಡುವುದು ಧುಮುಕುವಿಕೆ. ಅಲ್ಲಿ ಎಣಿಕೆಗೆ ಬರುವುದು ಗಾಳಿಯಲ್ಲಿನ ಕಸರತ್ತು ಮತ್ತು ನೀರು ಹೊಕ್ಕ ರೀತಿ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ನಡೆಯುವ ಸ್ಕೂಬಾ, ಅಂದರೆ ಉಸಿರಾಟದ ಸಿಲಿಂಡರ್ ಹೊತ್ತು ನೀರಿನಡಿ ಈಜುವುದು, ಬೇರೆ. ಸಣ್ಣ ದೋಣಿಯಾದರೆ ಅಂಚಿನ ಮೇಲೆ ಕೂತು ಬೆನ್ನು ಮೊದಲಾಗಿ ಹಿಂದಕ್ಕೆ ಉರುಳುತ್ತಾರೆ. ಅಲ್ಲಿ ಯಾರೂ ಧುಮುಕುವುದಿಲ್ಲ, ‘ನೀರಿಗಿಳಿಯುತ್ತಾರೆ’. ‘ಟೂ ಡೈವ್ಸ್’ ಅಂದರೆ ಎರಡು ಸಲ ಕೆಳಗೆ ಹೋಗಿ ಮೇಲೆ ಬಂದದ್ದು. ಪತ್ರಿಕೆಗಳ ‘ಮುಳುಗು ತಜ್ಞ’ ರೂಢಿಯಾಗಿದೆ, ಇರಲಿ. ಆದರೆ ‘ತಜ್ಞ ಮುಳುಗಿದ’ ಎಂದು ಮಾತ್ರ ಬರೆಯಬೇಡಿ. ಜಲಾಂತರ್ಗಾಮಿಗೂ ಇದೇ ಎಚ್ಚರ: ‘ನೀರಿನಡಿಗೆ ಇಳಿಯಿತು’ ಎನ್ನಿ. ‘ಮುಳುಗಿತು’ ಅಂದರೆ ನಾವಿಕರ ಮನೆಯವರು ಗಾಬರಿಯಾದಾರು.

ಆಕಾಶದಲ್ಲಿ ಹದ್ದು ‘ಎರಗುತ್ತದೆ’. ಬೇಟೆಯ ಮೇಲಿನ ಗುರಿ ಆ ಮಾತಿನಲ್ಲೇ ಇದೆ, ಬಾಂಬರ್ ವಿಮಾನಕ್ಕೂ ಸಲ್ಲುತ್ತದೆ. ಗುರಿಯಿಲ್ಲದೆ, ಹಿಡಿತ ತಪ್ಪಿದ ವಿಮಾನವಾದರೆ ‘ಮೂತಿ ಕೆಳಗಾಗಿ ಬಿತ್ತು’.

ಆಟದಲ್ಲಿ ಚಲನೆ ಹೆಚ್ಚಾಗಿ ಅಡ್ಡಕ್ಕೆ. 1992ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ಜಾಂಟಿ ರೋಡ್ಸ್ ಚೆಂಡು ಹಿಡಿದೇ ವಿಕೆಟ್ ಮೇಲೆ ಬಿದ್ದು ಇಂಜಮಾಮ್‌ರನ್ನು ರನೌಟ್ ಮಾಡಿದ್ದನ್ನು ನೆನೆಸಿಕೊಳ್ಳಿ: ಮೈ ನೆಲಕ್ಕೆ ಸಮಾನಾಂತರ. ಇದಕ್ಕೆ ‘ಹಾರಿದ’, ‘ಚಾಚಿ ಬಿದ್ದ’, ಅಥವಾ ಮೈದಾನದ ಮಾತಿನಂತೆ ‘ಡೈವ್ ಹೊಡೆದ’ ಸರಿ. ‘ಧುಮುಕಿದ’ ಅಂದರೆ ಪಿಚ್‌ನಲ್ಲಿ ಕೆರೆ ಕಾಣುತ್ತದೆ. ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರನ ಡೈವ್ ಮೆಚ್ಚುಗೆ, ಮುನ್ನಡೆ ಆಟಗಾರನದು ಬೈಗುಳ: ಯಾರೂ ತಾಗದಿದ್ದರೂ ಬಿದ್ದು ಹೊರಳಾಡಿ ರೆಫರಿಯನ್ನು ಏಮಾರಿಸುವುದು, ಸಿಕ್ಕಿಬಿದ್ದರೆ ಹಳದಿ ಕಾರ್ಡ್. ‘ಬಿದ್ದಂತೆ ನಟಿಸಿದ’ ಎನ್ನಿ. ಬಾಕ್ಸಿಂಗ್‌ನ ‘ಟೇಕ್ ಎ ಡೈವ್’ ಇನ್ನೂ ಕೆಟ್ಟದ್ದು, ಬೇಕೆಂದೇ ಸೋಲುವುದು.

ಷೇರುಪೇಟೆಗೆ ‘ಕುಸಿ’. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಹೋಯಿತಲ್ಲ, ಅಂಥದ್ದು. ನಿಧಾನವಾಗಿ ಜಾರಿದ್ದಕ್ಕೆ ‘ಇಳಿ’ ಸಾಕು, ಇಂಗ್ಲಿಷಿನವರೂ ಅದಕ್ಕೆ ಡೈವ್ ಅನ್ನುವುದಿಲ್ಲ.

ಉಳಿದವು ಕೈಗೆ, ಮೈಗೆ ಸಂಬಂಧಿಸಿದವು. ಬ್ಯಾಗಿನೊಳಕ್ಕೆ ಡೈವ್ ಮಾಡಿದವಳು ‘ಕೈ ಹಾಕಿ ತಡಕಾಡಿದಳು’. ಮೇಜಿನಡಿಗೆ ಮಾಡಿದವನು ‘ತೂರಿಕೊಂಡ’. ಊಟದೆದುರು ‘ಡೈವ್ ಇನ್!’ ಅಂದರೆ ‘ಶುರು ಹಚ್ಕೊಳ್ಳಿ’. ಕಚೇರಿಯ ‘ಡೀಪ್ ಡೈವ್’ ಅನ್ನು ‘ಆಳಕ್ಕೆ ಧುಮುಕೋಣ’ ಎಂದು ಬರೆಯುವ ಚಾಳಿ ಬಿಡಿ. ‘ಒಳಹೊಕ್ಕು ನೋಡೋಣ’ ಇದೆ, ಕಡತಗಳನ್ನೇ ತಿರುವಿ ಹಾಕುವುದಾದರೆ ‘ಜಾಲಾಡೋಣ’ ಇದೆ.

ಭೂತಕಾಲದಲ್ಲೂ ಒಂದು ಗುಂಡಿಯಿದೆ. ಹಳೆಯ ರೂಪ ‘ಡೈವ್ಡ್’. ‘ಡ್ರೈವ್–ಡ್ರೋವ್’ ನೋಡಿ ಉತ್ತರ ಅಮೆರಿಕದವರು 19ನೇ ಶತಮಾನದಲ್ಲಿ ‘ಡೋವ್’ ಮಾಡಿಕೊಂಡರು. ಇದರ ಕಾಗುಣಿತವೂ ಪಾರಿವಾಳ ಜಾತಿಯ ‘ಡವ್’ ಹಕ್ಕಿಯದೂ ಒಂದೇ. ‘ಷಿ ಡೋವ್ ಇನ್‌ಟು ದ ಪೂಲ್’ ಓದಿ ಹಕ್ಕಿ ಹುಡುಕಬೇಡಿ. ಅಮೆರಿಕನ್ ಕಾದಂಬರಿಯಲ್ಲಿ ಯಾರಾದರೂ ಸಂಜೆ ‘ಡೈವ್’ಗೆ ಹೋದರೆ ಈಜುಡುಗೆಯನ್ನೂ ಹುಡುಕಬೇಡಿ. ಅದು ಮಂಕು ದೀಪದ, ಅಗ್ಗದ, ಕೊಳಕು ಬಾರು.