ನೀರಿಗೆ ಹಾಕಿದರೂ ಕರಗದ ಹೈಲುರಾನಿಕ್ ಆಸಿಡ್ ಎಳೆ ತೆಗೆಯುವುದು ಹೇಗೆ?

ನಾನು ಮೊದಲ ಸಲ ಹೈಲುರಾನಿಕ್ ಆಸಿಡ್ ಸ್ಕ್ಯಾಫೋಲ್ಡ್, ಅಂದರೆ ಜೀವಕೋಶ ಬೆಳೆಸುವ ಎಳೆಗಳ ಹಾಳೆ, ಮಾಡಿದಾಗ ಮೈಕ್ರೋಸ್ಕೋಪಿನಲ್ಲಿ ಎಳೆಗಳು ಎಷ್ಟು ಚೆನ್ನಾಗಿ ಕಂಡವು ಅಂದರೆ, ಖುಷಿಯಲ್ಲಿ ಸೀದಾ ಹೋಗಿ ಪಿಎಚ್ ಹಿಡಿದಿಡುವ ಉಪ್ಪುನೀರು, ಅಂದರೆ ಬಫರ್‌ನಲ್ಲಿ ಅದ್ದಿಬಿಟ್ಟೆ. ಬಿಳಿ ಹಾಳೆ ಗಾಜಿನ ಹಾಗಾಯಿತು, ಆಮೇಲೆ ಲೋಳೆ, ಆಮೇಲೆ ಏನೂ ಇಲ್ಲ. ಎರಡು ನಿಮಿಷವೂ ಆಗಿರಲಿಲ್ಲ. ಎಳೆ ತೆಗೆಯುವುದು ಅರ್ಧ ಕೆಲಸ. ಅದನ್ನು ನೀರಿನಲ್ಲಿ ಉಳಿಸುವುದು ಇನ್ನರ್ಧ, ಮತ್ತು ಅದು ಶುರುವಾಗುವುದು ಸಿರಿಂಜ್ ಮುಟ್ಟುವುದಕ್ಕೆ ಎಷ್ಟೋ ಮೊದಲು.

ಹೈಲುರಾನಿಕ್ ಆಸಿಡ್ ನಮ್ಮ ಚರ್ಮ, ಕೀಲು, ಕಣ್ಣುಗಳಲ್ಲಿ ಇರುವ ಉದ್ದನೆಯ ಸಕ್ಕರೆ ಸರಪಳಿ. ಜೀವಕೋಶಗಳು ಸಿಡಿ44 ಎಂಬ ರಿಸೆಪ್ಟರ್ ಮೂಲಕ ಅದನ್ನು ಗುರುತಿಸುತ್ತವೆ, ಅದಕ್ಕೇ ಇಷ್ಟು ಬೇಡಿಕೆ. ತಮಾಷೆ ಅಂದರೆ, ಮೇಯರ್ ಮತ್ತು ಪಾಮರ್ ಎಂಬ ವಿಜ್ಞಾನಿಗಳು ದನದ ಕಣ್ಣಿನಿಂದ ಇದನ್ನು ಬೇರ್ಪಡಿಸಿದ್ದು 1934ರಲ್ಲಿ, ವಿದ್ಯುತ್ತಿನಿಂದ ನೂಲು ತೆಗೆಯುವ (ಎಲೆಕ್ಟ್ರೋಸ್ಪಿನ್ನಿಂಗ್) ವಿಧಾನಕ್ಕೆ ಸಂಶೋಧಕ ಫಾರ್ಮಾಲ್ಸ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದೂ ಅದೇ ವರ್ಷ. ಎರಡನ್ನೂ ಜೊತೆ ಮಾಡುವುದು ಮಾತ್ರ ಸುಲಭವಿಲ್ಲ. ಸರಪಳಿಗಳ ತುಂಬ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಪುಡಿ ಜಾಸ್ತಿ ಹಾಕಿದರೆ ಸೂಜಿಯಿಂದ ಹೊರಗೇ ಬರದಷ್ಟು ಗಟ್ಟಿಯಾಗುತ್ತದೆ.

ಮೊದಲು ಮಾರ್ಪಾಡು. ನಾನು ಮೆಥಾಕ್ರಿಲೇಟ್ ದಾರಿಯನ್ನೇ ಹಿಡಿಯುತ್ತೇನೆ, ಆಮೇಲೆ ಬೆಳಕು ಬಿಟ್ಟು ಸರಪಳಿಗಳನ್ನು ಒಂದಕ್ಕೊಂದು ಬೆಸೆದು ನೀರಿನಲ್ಲಿ ಕರಗದ ಹಾಗೆ ಮಾಡಬಹುದು ಅಂತ. 100 ಮಿಲಿ ನೀರಿಗೆ 1 ಗ್ರಾಂ ಹೈಲುರಾನಿಕ್ ಆಸಿಡ್‌ನ ಸೋಡಿಯಂ ಲವಣ ಹಾಕಿ ಪೂರ್ತಿ ಕರಗಲು ಬಿಡಿ, ಐಸ್ ಮೇಲಿಡಿ, ಮೆಥಾಕ್ರಿಲಿಕ್ ಅನ್‌ಹೈಡ್ರೈಡ್ ಅನ್ನು ಹನಿಹನಿಯಾಗಿ ಸೇರಿಸಿ. ಫ್ಯೂಮ್ ಹುಡ್ ಒಳಗೇ ಮಾಡಿ, ಆ ವಾಸನೆ ಮೂಗಿಗೆ ಹೊಡೆಯುತ್ತದೆ, ಕಣ್ಣಿಗೂ ಒಳ್ಳೆಯದಲ್ಲ. ಇಲ್ಲಿ ಪಿಎಚ್ ಮೀಟರ್ ಬಿಟ್ಟು ಏಳಬೇಡಿ. ಕ್ರಿಯೆ ನಡೆದ ಹಾಗೆ ಆಮ್ಲ ಹುಟ್ಟಿ ಪಿಎಚ್ ಇಳಿಯುತ್ತಲೇ ಇರುತ್ತದೆ, ನೀವು ಸೋಡಿಯಂ ಹೈಡ್ರಾಕ್ಸೈಡ್ ಹನಿ ಹಾಕಿ 8ರಿಂದ 8.5ರ ನಡುವೆ ಹಿಡಿದಿಡಬೇಕು. ಕೆಳಗೆ ಬಿದ್ದರೆ ಕ್ರಿಯೆ ನಿಧಾನ, ತೀರಾ ಮೇಲೆ ಹೋದರೆ ಆಗಲೇ ಅಂಟಿಕೊಂಡ ಗುಂಪುಗಳೇ ಕಳಚಿಕೊಳ್ಳುತ್ತವೆ. ಬೇಜಾರಿನ ಕೆಲಸವೇ, ಆದರೆ ಸುಮ್ನೆ ಒಮ್ಮೆಲೇ ಸುರಿದು ಕಾಫಿಗೆ ಹೋದವರು ಎರಡನೇ ಸಲ ಮಾಡುತ್ತಾರೆ. ಮುಗಿದ ಮೇಲೆ ಕನಿಷ್ಠ ಮೂರು ದಿನ ಡಯಾಲಿಸಿಸ್, ಅಂದರೆ ಸಣ್ಣ ಅಣುಗಳು ಮಾತ್ರ ಸೋರಿಹೋಗುವ ಚೀಲದಲ್ಲಿ ತುಂಬಿ ನೀರಿನಲ್ಲಿಡುವುದು, ನೀರು ಬದಲಾಯಿಸುತ್ತಾ. ಆಮೇಲೆ ಫ್ರೀಝ್ ಡ್ರೈ ಮಾಡಿದರೆ ಹತ್ತಿಯಂಥ ಬಿಳಿ ಪದಾರ್ಥ ಸಿಗುತ್ತದೆ.

ಅಣುವಿನಲ್ಲಿ ಯಾವ ಗುಂಪುಗಳಿವೆ ಎಂದು ತೋರಿಸುವ ಎನ್‌ಎಂಆರ್ ಪರೀಕ್ಷೆ ನೋಡದೆ ಮುಂದಕ್ಕೆ ಹೋಗಬೇಡಿ. 5.6 ಮತ್ತು 6.1 ಪಿಪಿಎಂ ಹತ್ತಿರ ಎರಡು ಪೀಕ್ ಇದ್ದರೆ ಮೆಥಾಕ್ರಿಲೇಟ್ ಅಂಟಿಕೊಂಡಿದೆ ಅಂತ ಅರ್ಥ. ಅದರಲ್ಲಿ ಒಂದನ್ನು 2.0ರ ಹತ್ತಿರ ಇರುವ, ಹೈಲುರಾನಿಕ್ ಆಸಿಡ್‌ನದೇ ಆದ ಅಸಿಟೈಲ್ ಪೀಕ್‌ನ ಮೂರನೇ ಒಂದು ಭಾಗಕ್ಕೆ ಹೋಲಿಸಿದರೆ ಎಷ್ಟು ಶೇಕಡಾ ಮಾರ್ಪಾಡಾಗಿದೆ ಗೊತ್ತಾಗುತ್ತದೆ. ಮೆಥಾಕ್ರಿಲೇಟ್‌ನ ಮೀಥೈಲ್ ಪೀಕ್ ಕೂಡ ಪಕ್ಕದಲ್ಲೇ, 1.9ರ ಹತ್ತಿರ ಕೂತಿರುತ್ತದೆ. ಎರಡನ್ನೂ ಸೇರಿಸಿ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಶುರುವಿಗೆ ಶೇ. 30ರ ಆಸುಪಾಸು ನನಗೆ ಸರಿ ಅನ್ನಿಸುತ್ತದೆ. ತೀರಾ ಕಡಿಮೆಯಾದರೆ ಎಳೆ ನೀರಿನಲ್ಲಿ ಊದಿ ಕಿತ್ತುಹೋಗುತ್ತದೆ.

ಈಗ ದ್ರಾವಣ. ಒಬ್ಬಂಟಿಯಾಗಿ ಎಳೆಯಾಗದ ಇದಕ್ಕೆ ಜೊತೆಗಾರ ಬೇಕು. ಅದೇ ಪಾಲಿಎಥಿಲೀನ್ ಆಕ್ಸೈಡ್, 900 ಕಿಲೋಡಾಲ್ಟನ್ ಅಣುತೂಕದ್ದು. ಅದರ ಉದ್ದನೆಯ ಸರಪಳಿಗಳು ಚೆನ್ನಾಗಿ ಸಿಕ್ಕು ಹಾಕಿಕೊಳ್ಳುತ್ತವೆ, ಆಮೇಲೆ ನೀರಿನಲ್ಲಿ ತೊಳೆದುಹೋಗುತ್ತವೆ. ಮಾರ್ಪಡಿಸಿದ ಹೈಲುರಾನಿಕ್ ಆಸಿಡ್ ಶೇ. 2, ಪಾಲಿಎಥಿಲೀನ್ ಆಕ್ಸೈಡ್ ಶೇ. 3, ಬೆಳಕು ಬಿದ್ದಾಗ ಬೆಸುಗೆ ಶುರು ಮಾಡುವ ಇರ್ಗಾಕ್ಯೂರ್ 2959 ಶೇ. 0.05. ಬಾಟಲಿಗೆ ಫಾಯಿಲ್ ಸುತ್ತಿ ರಾತ್ರಿಯಿಡೀ ನಿಧಾನವಾಗಿ ಕಲಕಲು ಬಿಡಿ. ಜೋರಾಗಿ ಕಲಕಿದರೆ ಗುಳ್ಳೆ ತುಂಬುತ್ತದೆ, ಪ್ರತಿ ಗುಳ್ಳೆಗೂ ಸೂಜಿಯಲ್ಲಿ ಧಾರೆ ಕಡಿಯುತ್ತದೆ.

ದ್ರಾವಣವನ್ನು ಸಿರಿಂಜಿಗೆ ತುಂಬಿ. ಸೂಜಿಗೆ ಸುಮಾರು 20 ಕಿಲೋವೋಲ್ಟ್, ಸೂಜಿಯಿಂದ ಎಳೆ ಬಂದು ಬೀಳುವ ಕಲೆಕ್ಟರ್‌ಗೆ 15 ಸೆಂಟಿಮೀಟರ್, ಪಂಪ್ ಗಂಟೆಗೆ 1 ಮಿಲಿ. ಇವು ಶುರುವಿನ ಅಳತೆಗಳು ಅಷ್ಟೇ. ನಿಜವಾದ ಅಳತೆ ಸೂಜಿಯ ತುದಿಯಲ್ಲಿದೆ, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಹನಿ ದುಂಡಗೆ ನೇತಾಡುತ್ತಿದ್ದರೆ ವೋಲ್ಟೇಜ್ ಸಾಲದು. ಅದು ಚೂಪಾದ ಶಂಕುವಾಗಿ ಅದರ ತುದಿಯಿಂದ ಜೇಡರ ಎಳೆಯಂಥದ್ದು ಸ್ವಲ್ಪ ದೂರ ನೇರ ಹೋಗಿ, ಆಮೇಲೆ ಕಣ್ಣಿಗೆ ಕಾಣದ ಹಾಗೆ ಗಿರಗಿರನೆ ಸುತ್ತಲು ಶುರು ಮಾಡಿದರೆ ಸರಿಯಾಗಿದೆ. ಶಂಕು ಸೂಜಿಯೊಳಗೆ ಸರಿದುಕೊಂಡರೆ ಪಂಪ್ ಸ್ವಲ್ಪ ಜಾಸ್ತಿ ಮಾಡಿ. ನೀರೇ ದ್ರಾವಕ ಆದ್ದರಿಂದ ಗಾಳಿಯ ತೇವ ಶೇ. 40 ದಾಟಿದ ದಿನ ಎಳೆಗಳು ಒಣಗದೆ ಕಲೆಕ್ಟರ್ ಮೇಲೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ದಿನ ನಾನು ಮಷೀನ್ ಹಚ್ಚುವುದೇ ಇಲ್ಲ. ಮೈಕ್ರೋಸ್ಕೋಪಿನಲ್ಲಿ ದಾರಕ್ಕೆ ಮಣಿ ಪೋಣಿಸಿದ ಹಾಗೆ ಕಂಡರೆ ವೋಲ್ಟೇಜ್ ತಿರುಗಿಸುತ್ತಾ ಕೂರಬೇಡಿ, ಮೊದಲು ಪಾಲಿಎಥಿಲೀನ್ ಆಕ್ಸೈಡ್ ಸ್ವಲ್ಪ ಏರಿಸಿ ನೋಡಿ. ಮತ್ತೆ, ಸೂಜಿ ಮುಟ್ಟುವ ಮೊದಲು ಸಪ್ಲೈ ಆಫ್ ಮಾಡಿ, ಅರ್ಥಿಂಗ್ ಕಡ್ಡಿ ತಾಗಿಸಿ. ಆಫ್ ಆದ ಮೇಲೂ ಚಾರ್ಜ್ ಉಳಿದಿರುತ್ತದೆ.

ಬೆಸೆಯುವ ಹೊತ್ತಿನಲ್ಲಿ ಹಾಳೆ ಒಣಗಿರಬೇಕು. ನೈಟ್ರೋಜನ್ ತುಂಬಿದ ಡಬ್ಬಿಯಲ್ಲಿಟ್ಟು 365 ನ್ಯಾನೋಮೀಟರ್ ಬೆಳಕು ಬಿಡಿ, ಎರಡೂ ಕಡೆ ತಿರುಗಿಸಿ. ನೈಟ್ರೋಜನ್ ಯಾಕೆ ಅಂದರೆ ಆಕ್ಸಿಜನ್ ಆ ಕ್ರಿಯೆಯನ್ನೇ ಕೊಲ್ಲುತ್ತದೆ, ಅದೂ ಇಷ್ಟು ಸಣ್ಣ ಎಳೆಗಳ ಸಂದಿಯಲ್ಲೆಲ್ಲ ಗಾಳಿಯೇ ತಾನೆ ಇರುವುದು! ದಪ್ಪ ಹಾಳೆಯಾದರೆ ಒಳಗೆ ಬೆಳಕು ಮುಟ್ಟುವುದಿಲ್ಲ, ತೆಳ್ಳಗೇ ಮಾಡಿ. ಮೊದಲು ಮೂಲೆಯಿಂದ ಒಂದು ಚೂರು ಕತ್ತರಿಸಿ ನೀರಿಗೆ ಹಾಕಿ ಒಂದು ರಾತ್ರಿ ಬಿಡಿ. ಚೂರು ಪಾರದರ್ಶಕವಾದರೂ ಪರವಾಗಿಲ್ಲ, ಚಿಮುಟದಲ್ಲಿ ಎತ್ತಿದಾಗ ಎದ್ದು ಬರಬೇಕು.

ಜೀವಕೋಶ ಹಾಕುವವರಿಗೆ ಇನ್ನೊಂದು ಮಾತು. ಸಿಡಿ44 ಇದ್ದರೂ ಈ ಎಳೆಗಳ ಮೇಲೆ ಎಷ್ಟೋ ಕೋಶಗಳು ಗಟ್ಟಿಯಾಗಿ ಕೂರುವುದಿಲ್ಲ, ಪ್ರೋಟೀನ್ ಅಂಟದಷ್ಟು ನೀರು ಕುಡಿದಿರುತ್ತವೆ ಅವು. ಕೋಶಗಳು ಹಿಡಿದುಕೊಳ್ಳುವ ಆರ್‌ಜಿಡಿ ಎಂಬ ಚಿಕ್ಕ ಪ್ರೋಟೀನ್ ತುಂಡನ್ನು (ಪೆಪ್ಟೈಡ್), ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರುವಂಥದ್ದನ್ನು ತಂದು, ಉಳಿದ ಮೆಥಾಕ್ರಿಲೇಟ್‌ಗೆ ಪಿಎಚ್ 8ರ ಬಫರ್‌ನಲ್ಲಿ ಸೇರಿಸಿದರೆ ಕೋಶಗಳು ಕಾಲು ಚಾಚಿ ಕೂರುತ್ತವೆ. ಸ್ಟೆರಿಲೈಸ್ ಮಾಡಲು ಆಟೋಕ್ಲೇವ್‌ಗೆ ಹಾಕಬೇಡಿ, ಆ ಬಿಸಿಗೆ ಸರಪಳಿಗಳು ತುಂಡಾಗುತ್ತವೆ. ಲ್ಯಾಬ್ ಪರೀಕ್ಷೆಗೆ ಶೇ. 70 ಎಥನಾಲ್‌ನಲ್ಲಿ ಅದ್ದಿ, ಸ್ಟೆರೈಲ್ ಬಫರ್‌ನಲ್ಲಿ ನಾಲ್ಕೈದು ಸಲ ತೊಳೆದರೆ ಸಾಕು.